ಪದಚರ್ಚೆ: ಟರ್ಬೊ ಕಾರಿನ ಬಾನೆಟ್ ಒಳಗೆ ‘ಕಾವು ಕೂತಿದೆ’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಟರ್ಬೊ (ಹೊಗೆಯ ರಭಸದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಕಾರಿನಲ್ಲಿ ಇಂಜಿನ್ ಸುತ್ತಲಿನ ಬಿಸಿ ಕಡಿಮೆ ಮಾಡುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಬರಹ ಬರೆಯುತ್ತಿದ್ದೇನೆ. ಬಿಡಿಭಾಗಗಳ ಹೆಸರಿನಲ್ಲಿ ನನಗೇನೂ ತಕರಾರಿಲ್ಲ. ಬಾನೆಟ್, ಸೈಲೆನ್ಸರ್, ರೇಡಿಯೇಟರ್, ಇಂಟರ್‌ಕೂಲರ್ ಇವನ್ನೆಲ್ಲ ಗ್ಯಾರೇಜಿನಲ್ಲಿ ಅನ್ನುವ ಹಾಗೇ ಇಟ್ಟುಕೊಂಡಿದ್ದೇನೆ. ಸಿಕ್ಕಿಹಾಕಿಕೊಂಡಿದ್ದು ‘ಹೀಟ್ ಸೋಕ್’ ಅನ್ನುವ ಮಾತಿನಲ್ಲಿ.

ಅದೇನು ಅಂತ ಮೊದಲು ಹೇಳಿಬಿಡುತ್ತೇನೆ: ಇಂಜಿನ್ ನಿಲ್ಲಿಸಿದ ಮೇಲೂ ಬಾನೆಟ್ ಒಳಗೆ ಬಿಸಿ ಏರುತ್ತಾ ಹೋಗುವುದು. ಹೋದ ಬೇಸಿಗೆಯಲ್ಲಿ ಮಂಗಳೂರಿನಿಂದ ಬರುವಾಗ ಶಿರಾಡಿ ಘಾಟಿ ಹತ್ತಿ ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದೆ. ಇಂಜಿನ್ ಎಳೆದುಕೊಳ್ಳುವ ಗಾಳಿ ಎಷ್ಟು ಬಿಸಿಯಿದೆ ಅಂತ ಮೊಬೈಲಿನಲ್ಲಿ ತೋರಿಸುವ ಸಣ್ಣ ಡಬ್ಬಿಯೊಂದನ್ನು ಸಿಕ್ಕಿಸಿಕೊಂಡಿದ್ದೆ. ನಿಲ್ಲಿಸುವಾಗ 47 ಡಿಗ್ರಿ. ಕಾಫಿ ಮುಗಿಸಿ ಬಂದು ಕೀಲಿ ತಿರುಗಿಸಿದರೆ 66! ಆಫ್ ಮಾಡಿ ಕಾಲು ಗಂಟೆ ಆಗಿತ್ತು. ಆರಬೇಕಾದದ್ದು ಏರಿ ಕೂತಿತ್ತು. ಬಿಸಿ ಗಾಳಿ ತೆಳ್ಳಗಿರುತ್ತದೆ ಅಲ್ವಾ, ಹೊರಟ ಮೇಲೂ ಸ್ವಲ್ಪ ದೂರ ಗಾಡಿ ಮೊದಲಿನ ಹಾಗೆ ಎಳೆಯಲಿಲ್ಲ.

ಕಾರಣ ಸರಳ. ಪೆಟ್ರೋಲ್ ಇಂಜಿನ್ನಿನಲ್ಲಿ ಏರು ಹತ್ತುವಾಗ ಟರ್ಬೊಗೆ ಬಡಿಯುವ ಹೊಗೆ 900 ಡಿಗ್ರಿ ದಾಟಬಹುದು. ಓಡುವಾಗ ಗಾಳಿ, ಕೂಲೆಂಟ್, ಆಯಿಲ್ ಸೇರಿ ಆ ಬಿಸಿಯನ್ನು ಹೊತ್ತುಕೊಂಡು ಹೋಗುತ್ತವೆ. ನಿಲ್ಲಿಸಿದರೆ ಆ ಹರಿವೂ ಹೆಚ್ಚು ಕಡಿಮೆ ನಿಂತ ಹಾಗೇ. ಟರ್ಬೊದ ಬೀಡುಕಬ್ಬಿಣ ಮಾತ್ರ ಕಾದಿದ್ದು ಕಾದ ಹಾಗೇ ಇದ್ದು, ಸುತ್ತಲಿನ ಪೈಪು, ವೈರು, ಪ್ಲಾಸ್ಟಿಕ್ಕಿಗೆಲ್ಲ ನಿಧಾನಕ್ಕೆ ಹಂಚುತ್ತದೆ. ಒಲೆ ಆರಿಸಿದ ಮೇಲೂ ಹಂಡೆಯ ನೀರು ಕಾಯುತ್ತಲೇ ಇರುತ್ತದಲ್ಲ, ಹಾಗೆ. ಸುಬಾರು ಡಬ್ಲ್ಯುಆರ್‌ಎಕ್ಸ್‌ನಂಥ ಕಾರಿನಲ್ಲಿ, ಟರ್ಬೊ ಕಳಿಸುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಂಜಿನ್ನಿನ ನೆತ್ತಿಯ ಮೇಲೇ ಇರುವುದರಿಂದ ಈ ಕಾಟ ಇನ್ನೂ ಜಾಸ್ತಿ.

ಇದಕ್ಕೆ ಗೆಳೆಯರೊಬ್ಬರು ಕೊಟ್ಟ ಪದ ‘ಉಷ್ಣಶೋಷಣೆ’. ಅಯ್ಯೋ, ಇಂಜಿನ್ನಿನ ಮೇಲೆ ಯಾರೋ ದಬ್ಬಾಳಿಕೆ ಮಾಡಿದ ಹಾಗಿದೆ. ‘ಕಾವು ಇಂಗುವುದು’ ಅಂತ ನಾನೇ ಬರೆದು ನೋಡಿದೆ. ಇಂಗಿದ್ದು ಒಳಗೇ ಹೋಗಿಬಿಡುತ್ತದೆ, ಇದು ಮತ್ತೆ ಹೊರಗೆ ಬರುವಂಥದ್ದು. ಕೊನೆಗೆ ನಮ್ಮ ಮೆಕ್ಯಾನಿಕ್ ಬಾಯಲ್ಲಿ ತಾನಾಗಿ ಬಂತು: “ಕಾವು ಕೂತ್ಕೊಂಡ್ಬಿಟ್ಟಿದೆ ಸಾರ್. ಬಾನೆಟ್ ಎತ್ತಿಡಿ, ಹೋಗುತ್ತೆ.” ಇದಕ್ಕಿಂತ ಒಳ್ಳೆಯದು ನನಗೆ ಹೊಳೆದಿಲ್ಲ. ಒಂದೇ ಅನುಮಾನ, ‘ಕಾವು ಕೂರುವುದು’ ಅಂದರೆ ಕೋಳಿ ನೆನಪಾಗುತ್ತದೆ. ಅಲ್ಲಿ ಕೂರುವುದು ಕೋಳಿ, ಇಲ್ಲಿ ಕೂರುವುದು ಕಾವೇ. ಓದುವವರಿಗೆ ಈ ವ್ಯತ್ಯಾಸ ಸಾಕಾಗುತ್ತದೆಯೇ? ಬಾನೆಟ್ ಒಳಗೆ ಇಂಜಿನ್ ಕೂರುವ ಜಾಗಕ್ಕೆ, ಅಂದರೆ ‘ಇಂಜಿನ್ ಬೇ’ಗೆ, ‘ಇಂಜಿನ್ ಗೂಡು’ ಅಂತ ಬೇರೆ ಬರೆದಿದ್ದೇನೆ. ಗೂಡು, ಕಾವು ಎರಡೂ ಒಂದೇ ಸಾಲಿನಲ್ಲಿ ಬಂದರೆ ಇನ್ನು ಮೊಟ್ಟೆಯೊಂದೇ ಬಾಕಿ.

ಇನ್ನೊಂದು ವಿಷಯ. ಶಾಲೆಯಲ್ಲಿ ವಹನ, ಸಂವಹನ, ವಿಕಿರಣ ಅಂತ ಕಲಿತೆವು. ಈ ಬರಹಕ್ಕೆ ಅವು ಬೇಕೇ ಇಲ್ಲ ಅನ್ನಿಸುತ್ತಿದೆ. ಟರ್ಬೊದಿಂದ ಒಂದು ಗೇಣು ದೂರ ಕೈ ಹಿಡಿದರೆ ಮುಟ್ಟದೇ ಸುಡುತ್ತದಲ್ಲ, ಅದು ‘ಝಳ’. ಲೋಹದಲ್ಲಿ ಉಳಿಯುವುದು ‘ಕಾವು’. ಬಾನೆಟ್ ಒಳಗೆ ಹೋಗಲು ದಾರಿಯಿಲ್ಲದೆ ನಿಂತ ಬಿಸಿ ಗಾಳಿ ‘ಧಗೆ’. ಮದ್ದೂ ಬೇರೆ ಬೇರೆ. ಝಳಕ್ಕೆ ನಡುವೆ ಒಂದು ತಗಡು ಅಡ್ಡ ಇಟ್ಟರೆ ಎಷ್ಟೋ ವಾಸಿ. ಧಗೆಗೆ ತಗಡು ಸಾಲದು, ಕಿಂಡಿ ಬೇಕು. ಅದೂ ಸರಿಯಾದ ಜಾಗದಲ್ಲಿ. ಕೆಲವರು ಬಾನೆಟ್ಟಿನ ಹಿಂಬದಿಗೆ ವಾಷರ್ ಕೊಟ್ಟು ಎತ್ತುತ್ತಾರೆ. ನಿಂತಾಗ ಧಗೆ ಅಲ್ಲಿಂದ ಹೋಗುತ್ತದೆ, ನಿಜ. ಆದರೆ ಓಡುವಾಗ ಮುಂದಿನ ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಜಾಸ್ತಿ ಇರುವುದರಿಂದ ಅಲ್ಲಿಂದ ಗಾಳಿ ಒಳಗೇ ನುಗ್ಗಬಹುದು. ಝಳಕ್ಕೆ ಅಡ್ಡ ಇಡುವ ಆ ತಗಡಿಗೆ, ಅಂದರೆ ಹೀಟ್ ಶೀಲ್ಡಿಗೆ, ‘ಝಳಮರೆ’ ಅಂತ ಬರೆಯೋಣ ಅಂತಿದ್ದೇನೆ, ಹೇಗಿದೆ?

‘ಟರ್ಬೊ ಬ್ಲಾಂಕೆಟ್’ ಇನ್ನೊಂದು ತಲೆನೋವು. ಕಂಬಳಿ ಅಂದ ಕೂಡಲೇ ನಮ್ಮ ಮನೆಯಲ್ಲಿ ಬಂದ ಪ್ರಶ್ನೆ: “ಬಿಸಿ ಆಗಿರೋದಕ್ಕೆ ಯಾಕ್ರೀ ಕಂಬಳಿ ಹೊದಿಸ್ತೀರಾ?” ನಿಜವಾಗಿ ಕೆಲಸವೇ ಅದು. ಬಿಸಿಯನ್ನು ಹೊಗೆಯಲ್ಲೇ ಉಳಿಸಿ ಸೈಲೆನ್ಸರ್ ಕಡೆಗೆ ಸಾಗಹಾಕುವುದು. ಒಳಗೆ ಟರ್ಬೊ ಇನ್ನೂ ಕಾಯುತ್ತದೆ, ಹೊರಗಿನವು ಬದುಕುತ್ತವೆ. ಪೈಪಿಗೆ ಸುತ್ತುವ ಪಟ್ಟಿಯದೂ ಇದೇ ಕಥೆ. ಅದರಲ್ಲಿ ನೀರು ನಿಂತರೆ ಪೈಪು ತುಕ್ಕು ಹಿಡಿಯುತ್ತದೆ, ಮಳೆನಾಡಿನವರು ಯೋಚಿಸಬೇಕು. ‘ಹೊದಿಕೆ’ ಅಂದರೆ ಈ ಗೊಂದಲ ತಪ್ಪುತ್ತದೆಯೇ, ಅಥವಾ ಕಂಬಳಿಯೇ ಇರಲಿ ಅಂತೀರಾ?

ಒಂದು ಪದ ಮಾತ್ರ ಸುಲಭಕ್ಕೆ ಸಿಕ್ಕಿತು. ಟರ್ಬೊ ಆರುವ ಮೊದಲೇ ಆಫ್ ಮಾಡಿದರೆ ಬೇರಿಂಗಿನಲ್ಲಿ ನಿಂತ ಆಯಿಲ್ ಕರಿಯಾಗಿ ಗಟ್ಟಿಕಟ್ಟುತ್ತದೆ. ಅದಕ್ಕೇ ಏರು ಹತ್ತಿದ ಮೇಲೆ ಒಂದು ನಿಮಿಷ ಇಂಜಿನ್ ಸುಮ್ನೆ ಓಡಲು ಬಿಡಿ ಅನ್ನುವುದು. ಇದನ್ನು ‘ಆಯಿಲ್ ಸೀದುಹೋಗುತ್ತದೆ’ ಅಂತ ಬರೆದೆ. ಹಾಲು ಸೀಯಿಸಿದವರಿಗೆಲ್ಲ ಅರ್ಥವಾಗುತ್ತದೆ.

ಕೊನೆಯದಾಗಿ, ಕಲಬುರಗಿ, ರಾಯಚೂರು ಕಡೆಯವರು ಇದ್ದರೆ ದಯವಿಟ್ಟು ಹೇಳಿ. ನಿಮ್ಮಲ್ಲಿ ಲಾರಿ, ಟ್ರ್ಯಾಕ್ಟರ್ ಡ್ರೈವರುಗಳು ನಿಲ್ಲಿಸಿದ ಮೇಲೂ ಏರುವ ಈ ಬಿಸಿಗೆ ಏನನ್ನುತ್ತಾರೆ?