ಜಂಟಿ ಓಡಿ (ಓವರ್‌ಡ್ರಾಫ್ಟ್) ಖಾತೆ ಮೈನಸ್‌ನಲ್ಲಿದೆ, ಮನೆಯವರು ಪಾಪರ್ (ದಿವಾಳಿ) ಅರ್ಜಿ ಹಾಕ್ತೀನಿ ಅಂತಿದ್ದಾರೆ, ನನ್ನ ಸಂಬಳದ ಗತಿ ಏನು?

ಟೀಚರಮ್ಮ_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಾನು ಇಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಟೀಚರ್, ಕೈಗೆ 28,000 ಸಂಬಳ. ಮನೆಯವರದು ಮೆಕ್ಕೆಜೋಳದ ವ್ಯಾಪಾರ. ಕೋಳಿ ಫೀಡ್ ಮಾಡುವವರಿಗೆ ಲೋಡ್ ಕಳಿಸುತ್ತಿದ್ದರು. ಹೋದ ವರ್ಷ ಒಂದು ಪಾರ್ಟಿ ದೊಡ್ಡ ಮೊತ್ತ ಕೊಡದೆ ಕೈ ಎತ್ತಿತು. ಅಲ್ಲಿಂದ ಶುರು. ಒಬ್ಬರಿಗೆ ಕೊಡೋಕೆ ಇನ್ನೊಬ್ಬರ ಹತ್ತಿರ ತರೋದು, ಅವರಿಗೆ ಕೊಡೋಕೆ ಮತ್ತೊಬ್ಬರ ಹತ್ತಿರ. ಈಗ ಕೈಸಾಲ, ಮಂಡಿ ಬಾಕಿ ಎಲ್ಲಾ ಸೇರಿ 22 ಲಕ್ಷದ ಹತ್ತಿರ ಇದೆ. ಕೆಲವರ ಹತ್ತಿರ ಚೆಕ್ ಕೂಡ ಇವೆ.

ಬ್ಯಾಂಕಿನಲ್ಲಿ ನಮ್ಮಿಬ್ಬರ ಹೆಸರಿನಲ್ಲಿ ಒಂದು ಓಡಿ ಖಾತೆ ಇದೆ, ಇಬ್ಬರಲ್ಲಿ ಯಾರು ಬೇಕಾದರೂ ಸಹಿ ಮಾಡಬಹುದು. ಲಿಮಿಟ್ 5 ಲಕ್ಷ, ಅಂದರೆ ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ಅಷ್ಟರವರೆಗೆ ಸಾಲವಾಗಿ ತೆಗೆಯಬಹುದು. ಬಡ್ಡಿ, ಚೆಕ್ ಬೌನ್ಸ್ ಚಾರ್ಜು ಸೇರಿ ಅದು ಮೈನಸ್ 5,41,000 ಆಗಿತ್ತು. ನನ್ನ ಸಂಬಳವೂ ಅದಕ್ಕೇ ಬರುತ್ತೆ. ಈ ತಿಂಗಳು ಸಂಬಳ ಬಿದ್ದ ಮೆಸೇಜ್ ಬಂತು, ಖುಷಿಯಿಂದ ನೋಡಿದರೆ ಮೈನಸ್ 5,13,000. ಅಷ್ಟೇ. ಎಟಿಎಂನಲ್ಲಿ 500 ರೂಪಾಯಿ ಬರಲಿಲ್ಲ. ಹಾಲಿನವನಿಗೆ ಅಮ್ಮನ ಹತ್ತಿರ ಇಸ್ಕೊಂಡು ಕೊಟ್ಟೆ.

ಮನೆಯವರು ಕೋರ್ಟಿಗೆ ಪಾಪರ್ ಅರ್ಜಿ ಹಾಕಿದರೆ ಎಲ್ಲಾ ಮುಗಿಯುತ್ತೆ ಅಂತಾರೆ. ನಿಜವಾ? ಓಡಿ ಸಾಲಕ್ಕೆ ನಾನೂ ಹೊಣೆನಾ? ವ್ಯಾಪಾರ ನನ್ನದಲ್ಲ, ಒಂದು ರೂಪಾಯಿ ಅದರಿಂದ ತೆಗೆದಿಲ್ಲ. ಇವರ ಹೆಸರಿನಲ್ಲಿ ಹರಿಹರ ರಸ್ತೆ ಕಡೆ ಒಂದು ಸೈಟ್ ಇದೆ, ಬೇರೆ ಆಸ್ತಿ ಇಲ್ಲ. ಮನೆ ಅತ್ತೆ ಹೆಸರಿನಲ್ಲಿದೆ. ನನ್ನನ್ನ ಅರೆಸ್ಟ್ ಮಾಡ್ತಾರಾ ಅನ್ನೋ ಭಯಕ್ಕೆ ನಿದ್ದೆ ಬರ್ತಿಲ್ಲ.

ಮಂಡಿಪೇಟೆ_ಹುಡುಗ:

ಅಕ್ಕಾ, ಸಿಂಪಲ್. ಮೊದಲು ಆ ಸೈಟ್‌ನ ನಿಮ್ಮ ಯಜಮಾನರ ತಮ್ಮನ ಹೆಸರಿಗೋ ನಿಮ್ಮ ಹೆಸರಿಗೋ ದಾನಪತ್ರ ಮಾಡಿಸಿ. ಆಮೇಲೆ ಪಾಪರ್ ಅರ್ಜಿ ಹಾಕಲಿ. ಕೈಯಲ್ಲಿ ಏನೂ ಇಲ್ಲದವನ ಹತ್ತಿರ ಯಾರು ಏನು ಕಿತ್ಕೋತಾರೆ? ನಮ್ಮ ಲೈನ್‌ನಲ್ಲಿ ಎಲ್ಲರೂ ಮಾಡೋದು ಇದೇ.

ರಿಟೈರ್ಡ್_ಕ್ಯಾಷಿಯರ್:

ತಮ್ಮಾ, ಆ ಸಲಹೆ ಬೇಡ. ಅದನ್ನ ಕೋರ್ಟು ಬಲ್ಲವರು ಬಂದು ವಿವರವಾಗಿ ಹೇಳಲಿ, ನಾನು ಬ್ಯಾಂಕಿನ ಕಡೆಯದ್ದು ಹೇಳ್ತೀನಿ.

ತಾಯಿ, ಓಡಿ ಮಂಜೂರಾದಾಗ ಕೊಟ್ಟ ಪತ್ರ ಮನೆಯಲ್ಲಿ ಇರುತ್ತೆ, ಬೀರುವಿನಲ್ಲಿ ಹುಡುಕಿ. ಅದರಲ್ಲಿ, ಜೊತೆಗಿರುವ ಕರಾರಿನಲ್ಲಿ ನಿಮ್ಮ ಸಹಿ ಇದೆಯಾ ನೋಡಿ. ಇದ್ದರೆ "ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ" ಅನ್ನೋ ಮಾತು ಅಲ್ಲಿರುತ್ತೆ. ಅಂದರೆ ಬ್ಯಾಂಕು ಅರ್ಧರ್ಧ ಹಂಚಿ ಕೇಳಬೇಕಾಗಿಲ್ಲ. ಪೂರ್ತಿ 5 ಲಕ್ಷ ಚಿಲ್ಲರೆಯನ್ನೂ ನಿಮ್ಮೊಬ್ಬರಿಂದಲೇ ಕೇಳಬಹುದು. ದುಡ್ಡು ಯಾರು ತೆಗೆದರು, ವ್ಯಾಪಾರ ಯಾರದು ಅನ್ನೋದು ನಿಮ್ಮ ಮನೆಯ ಲೆಕ್ಕ, ಬ್ಯಾಂಕಿನ ಲೆಕ್ಕ ಅಲ್ಲ. ಕೇಳೋಕೆ ಬೇಜಾರು, ಆದರೆ ಅದೇ ನಿಜ. ಸಾಲದ ಕರಾರಿಗೆ ನೀವು ಸಹಿನೇ ಮಾಡಿಲ್ಲ, ಖಾತೆ ತೆರೆಯೋ ಫಾರಂನಲ್ಲಿ ಮಾತ್ರ ಇದೆ ಅಂದರೆ ವಾದ ಮಾಡೋಕೆ ಜಾಗ ಇದೆ. ಅದಕ್ಕೇ ಮೊದಲು ಆ ಪತ್ರ ನೋಡಿ ಅಂದಿದ್ದು.

ಇವತ್ತೇ ಮಾಡಬೇಕಾದ್ದು ಸಂಬಳದ ಕೆಲಸ. ಬೇರೆ ಬ್ಯಾಂಕಿನಲ್ಲಿ, ಬೇರೆ ಶಾಖೆ ಅಲ್ಲ ಬೇರೆ ಬ್ಯಾಂಕಿನಲ್ಲೇ, ನಿಮ್ಮೊಬ್ಬರ ಹೆಸರಿನಲ್ಲಿ ಉಳಿತಾಯ ಖಾತೆ ತೆರೆಯಿರಿ. ಶಾಲೆಯ ಆಫೀಸಿಗೆ ಆ ಪಾಸ್‌ಬುಕ್ಕಿನ ಜೆರಾಕ್ಸ್ ಕೊಟ್ಟು ಸಂಬಳ ಅಲ್ಲಿಗೆ ಹಾಕಿ ಅನ್ನಿ. ಅದೇ ಬ್ಯಾಂಕಿನಲ್ಲಿ ಹೊಸ ಖಾತೆ ಮಾಡಿದರೆ ಅಲ್ಲಿನ ದುಡ್ಡನ್ನೂ ಬಾಕಿಗೆ ಮುರಿದುಕೊಳ್ಳೋ ಹಕ್ಕು ಬ್ಯಾಂಕಿಗೆ ಕರಾರಿನಲ್ಲೇ ಇರಬಹುದು. ಈಗ ನಿಮ್ಮ 28,000 ಹೋಗಿದ್ದು ಯಾರೋ ಮುಟ್ಟುಗೋಲು ಹಾಕಿದ್ದರಿಂದ ಅಲ್ಲ. ಖಾತೆ ಮೈನಸ್ ಇದ್ದಾಗ ಬಿದ್ದ ದುಡ್ಡು ಸಾಲಕ್ಕೆ ಜಮಾ ಆಯ್ತು, ಅಷ್ಟೇ.

ಇನ್ನೊಂದು. ಬ್ಯಾಂಕಿಗೆ ಕೈಬರಹದಲ್ಲೇ ಒಂದು ಪತ್ರ ಕೊಡಿ. ಈ ಖಾತೆಯಿಂದ ಇನ್ನು ಮುಂದೆ ಒಬ್ಬರ ಸಹಿಗೆ ದುಡ್ಡು ಕೊಡಬೇಡಿ, ಲಿಮಿಟ್ ಇಲ್ಲಿಗೇ ನಿಲ್ಲಿಸಿ ಅಂತ. ಕಾಪಿ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. ಹಳೇ ಸಾಲ ಅದರಿಂದ ಕರಗಲ್ಲ, ಆದರೆ ನಾಳೆ ಮನೆಯವರು ಯಾರಿಗೋ ಇನ್ನೊಂದು ಚೆಕ್ ಬರೆದು ಅದು ಪಾಸ್ ಆಗಿ ಹೊಣೆ ಬೆಳೆಯೋದು ನಿಲ್ಲುತ್ತೆ. ಸಿಟ್ಟಾಗ್ತಾರೆ, ಆಗಲಿ.

ಕಪ್ಪುಕೋಟು:

ದಾನಪತ್ರದ ಮಾತು ಬಂತಲ್ಲ, ಅದರಿಂದಲೇ ಶುರು ಮಾಡ್ತೀನಿ. ನಮ್ಮಂಥ ಜಿಲ್ಲೆಗಳಲ್ಲಿ ಸಾಮಾನ್ಯ ವ್ಯಕ್ತಿಯ ಪಾಪರ್ ಅರ್ಜಿಗೆ ಈಗಲೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ. 2016ರ ಹೊಸ ದಿವಾಳಿ ಸಂಹಿತೆ ಬಂದಿದೆ ನಿಜ, ಆದರೆ ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ 2019ರ ಡಿಸೆಂಬರ್ 1ರಿಂದ ಜಾರಿಯಾಗಿರೋದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಯೂಟ್ಯೂಬ್ ನೋಡಿ ಹೊಸ ಕಾಯ್ದೆ ಪ್ರಕಾರ ಹಾಕಿ ಅಂತ ನನ್ನ ಹತ್ತಿರ ಬರೋರು ಜಾಸ್ತಿ.

ಹಳೇ ಕಾಯ್ದೆಯ 53ನೇ ಸೆಕ್ಷನ್ ನೋಡಿ. ಆಸ್ತಿ ವರ್ಗಾಯಿಸಿದ 2 ವರ್ಷದೊಳಗೆ ಅರ್ಜಿ ಬಿದ್ದು ಆ ವ್ಯಕ್ತಿ ಪಾಪರ್ ಅಂತ ಘೋಷಣೆಯಾದರೆ ಆ ವರ್ಗಾವಣೆಯನ್ನ ಕೋರ್ಟು ರದ್ದು ಮಾಡಬಹುದು. ಸರಿಯಾದ ಬೆಲೆ ಕೊಟ್ಟು ಪ್ರಾಮಾಣಿಕವಾಗಿ ಕೊಂಡವರಿಗೆ ರಕ್ಷಣೆ ಇದೆ. ತಮ್ಮನಿಗೆ ದಾನ ಕೊಟ್ಟ ಸೈಟು ಅದರಲ್ಲಿ ಬರಲ್ಲ. ತಮ್ಮನನ್ನೂ ಕೋರ್ಟಿಗೆ ಅಲೆಸಿದಂಗೆ ಆಗುತ್ತೆ, ಅಷ್ಟೇ ಲಾಭ. 54ನೇದು ಇನ್ನೂ ಜನಕ್ಕೆ ಗೊತ್ತಿಲ್ಲ. ಅರ್ಜಿಗೆ ಮುಂಚಿನ 3 ತಿಂಗಳಲ್ಲಿ ಸಾಲ ಕೊಟ್ಟ ಉಳಿದವರನ್ನ ಬಿಟ್ಟು ಬೇಕಾದ ಒಬ್ಬರಿಗೆ, ಅಂದರೆ ಭಾವನಿಗೋ ಗೆಳೆಯನಿಗೋ, ಬೇಕಂತಲೇ ತೀರಿಸಿದ್ದರೆ ಅದೂ ವಾಪಸ್ ಬರಬೇಕಾಗುತ್ತೆ. ಪಾಪ, ಮರ್ಯಾದೆಗೆ ಅಂಜಿ ನೆಂಟರ ದುಡ್ಡು ಮೊದಲು ಕೊಡೋರೇ ಹೆಚ್ಚು.

ಪಾಪರ್ ಅಂದ ತಕ್ಷಣ ಎಲ್ಲಾ ಮುಗಿಯೋದಿಲ್ಲ ಮೇಡಂ. ಘೋಷಣೆಯಾದ ಮೇಲೆ ಅವರ ಆಸ್ತಿ, ನಿಮ್ಮ ವಿಷಯದಲ್ಲಿ ಆ ಸೈಟು, ಕೋರ್ಟಿನ ಅಥವಾ ರಿಸೀವರ್ (ಆಸ್ತಿ ನೋಡಿಕೊಳ್ಳೋಕೆ ಕೋರ್ಟು ನೇಮಿಸಿದವರು) ಕೈಗೆ ಹೋಗುತ್ತೆ. ಅದನ್ನ ಮಾರಿ ಸಾಲ ಕೊಟ್ಟವರಿಗೆ ಹಂಚ್ತಾರೆ. ಆಮೇಲೆ ಬಿಡುಗಡೆಗೆ ಬೇರೆ ಅರ್ಜಿ. ನೀವು ಗಮನಿಸಬೇಕಾದ್ದು 44ನೇ ಸೆಕ್ಷನ್‌ನ ಕೊನೆ ಭಾಗ. ಅವರಿಗೆ ಬಿಡುಗಡೆ ಸಿಕ್ಕರೂ ಅವರ ಜೊತೆ ಜಂಟಿಯಾಗಿ ಸಾಲಕ್ಕೆ ಕಟ್ಟುಬಿದ್ದವರಿಗೆ, ಜಾಮೀನು ಹಾಕಿದವರಿಗೆ ಬಿಡುಗಡೆ ಇಲ್ಲ. ಮಂಡಿ ಬಾಕಿ, ಕೈಸಾಲ ಅವರದು. ಓಡಿಗೆ ನೀವು ಸಹಿ ಮಾಡಿದ್ದರೆ ಅವರು ಪಾಪರ್ ಆದ ಮಾರನೇ ದಿನ ಬ್ಯಾಂಕು ನೋಡೋದು ನಿಮ್ಮ ಮುಖ.

ಅರೆಸ್ಟ್ ಭಯ ಬಿಡಿ. ಹಣದ ಡಿಕ್ರಿ (ಹಣ ಕಟ್ಟಿ ಅನ್ನೋ ಕೋರ್ಟಿನ ತೀರ್ಪು) ಜಾರಿಗೆ ಹೆಂಗಸರನ್ನ ಬಂಧಿಸೋ ಹಾಗಿಲ್ಲ, ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಸೆಕ್ಷನ್‌ನಲ್ಲಿ ಸ್ಪಷ್ಟವಾಗಿದೆ. ಬ್ಯಾಂಕು ದಾವೆ ಗೆದ್ದು ಸಂಬಳ ಜಪ್ತಿಗೆ ಬಂದರೂ 60ನೇ ಸೆಕ್ಷನ್ ಪ್ರಕಾರ ಮೊದಲ 1,000 ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟೋ ಹಾಗಿಲ್ಲ. 28,000ಕ್ಕೆ ಲೆಕ್ಕ ಹಾಕಿದರೆ ತಿಂಗಳಿಗೆ ಹೆಚ್ಚೆಂದರೆ 9,000. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಈಗ ನೋಡಿ, ಕೋರ್ಟು ಬಂದರೂ 19,000 ಉಳಿಯುತ್ತಿತ್ತು, ಓಡಿ ಖಾತೆಗೆ ಸಂಬಳ ಹಾಕಿಸಿಕೊಂಡು ಪೂರ್ತಿ ಕೊಡ್ತಾ ಇದ್ದೀರಿ. ಕ್ಯಾಷಿಯರ್ ಸಾಹೇಬರು ಹೇಳಿದ್ದು ಅದಕ್ಕೇ.

ಚೆಕ್ ವಿಷಯ. ಪಾಪರ್ ಅರ್ಜಿ ಹಾಕಿದ ಮಾತ್ರಕ್ಕೆ ಚೆಕ್ ಬೌನ್ಸ್ ಕೇಸು ನಿಲ್ಲಲ್ಲ. ಆದರೆ ಜಂಟಿ ಖಾತೆಯ ಚೆಕ್ಕಾದರೂ ಸಹಿ ಮಾಡಿದವರ ಮೇಲೆ ಮಾತ್ರ ಆ ಕೇಸು, 2013ರಲ್ಲಿ ಸುಪ್ರೀಂ ಕೋರ್ಟು ಹಾಗೆ ಹೇಳಿದೆ. ಖಾಲಿ ಚೆಕ್ಕಿಗೆ ನೀವು ಯಾವುದಕ್ಕಾದರೂ ಸಹಿ ಮಾಡಿ ಇಟ್ಟಿದ್ದೀರಾ? ಯೋಚನೆ ಮಾಡಿ ಹೇಳಿ.

ಚನ್ನಗಿರಿ_ಅಡಿಕೆ:

ಒಂದು ಮಾತು ಸೇರಿಸ್ತೀನಿ ಅಕ್ಕಾ. ಅದೇ ಬ್ಯಾಂಕಿನಲ್ಲಿ ಚಿನ್ನ ಅಡ ಇಟ್ಟಿದ್ದೀರಾ? ನಮ್ಮ ಚಿಕ್ಕಪ್ಪ ಚಿನ್ನದ ಸಾಲ ಬಡ್ಡಿ ಸಮೇತ ಕಟ್ಟಿ ರಸೀದಿ ಹಿಡಿದು ನಿಂತರೂ ಒಡವೆ ಕೊಡಲಿಲ್ಲ. ಬೇರೆ ಸಾಲ ಬಾಕಿ ಇದೆ, ಅದು ಮುಗಿಸಿ ಅಂದರು. ಒಪ್ಪಂದ ಕಾಯ್ದೆಯ 171ನೇ ಸೆಕ್ಷನ್ ಅಂತ ಏನೋ ತೋರಿಸಿದರು. ಚಿಕ್ಕಮ್ಮ ಮಗಳ ಮದುವೆಗೆ ಗಿಲೀಟಿನ ಸರ ಹಾಕ್ಕೊಂಡು ಓಡಾಡಿದ್ದು ಇಡೀ ಊರಿಗೇ ಗೊತ್ತು. ಚಿನ್ನ ಬಿಡಿಸೋಕೆ ಅಂತ ಎಲ್ಲಿಂದಲೋ ಸಾಲ ಮಾಡಿ ದುಡ್ಡು ತರೋ ಮುಂಚೆ ಮ್ಯಾನೇಜರ್ ಹತ್ತಿರ ಬರಹದಲ್ಲಿ ಕೇಳಿ.

ಟೀಚರಮ್ಮ_ದಾವಣಗೆರೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪತ್ರ ಸಿಕ್ಕಿತು. ಸಹ-ಸಾಲಗಾರರು ಅಂತ ಇದೆ, ಪ್ರತಿ ಪುಟದಲ್ಲೂ ನನ್ನ ಸಹಿ ಇದೆ. ಚೆಕ್ಕಿಗೆ ಯಾವತ್ತೂ ಸಹಿ ಮಾಡಿಲ್ಲ, ಪುಣ್ಯ. ಚಿನ್ನ ಅಲ್ಲಿಲ್ಲ, ತವರಿನಲ್ಲಿದೆ, ಅಮ್ಮ ಕೊಟ್ಟ ಬಳೆ, ಸರ. ಅದೂ ಇವರ ಪಾಪರ್‌ನಲ್ಲಿ ಹೋಗುತ್ತಾ? ಮ್ಯಾನೇಜರ್ ಬಾಕಿ ಕಟ್ಟದೆ ಖಾತೆ ಕ್ಲೋಸ್ ಮಾಡಲ್ಲ ಅಂದರು. ಮತ್ತೆ ರಾತ್ರಿ 9ಕ್ಕೆಲ್ಲ ವಸೂಲಿಯವರು ಫೋನ್ ಮಾಡ್ತಾರೆ.

ಕಪ್ಪುಕೋಟು:

ಅಮ್ಮ ಕೊಟ್ಟದ್ದು ಸ್ತ್ರೀಧನ, ನಿಮ್ಮ ಸ್ವಂತದ್ದು. ಪಾಪರ್ ಆದವರ ಆಸ್ತಿಯ ಪಟ್ಟಿಗೆ ಅದನ್ನ ಸೇರಿಸಬೇಕಾಗಿಲ್ಲ. ಹಳೇ ಬಿಲ್ಲು, ಮದುವೆ ಫೋಟೋ ಇದ್ದರೆ ಎತ್ತಿಡಿ. ಆದರೆ ಓಡಿ ನಿಮ್ಮದೂ ಸಾಲ ಅನ್ನೋದು ನೆನಪಿರಲಿ, ಆ ಡಿಕ್ರಿ ನಿಮ್ಮ ಮೇಲೇ ಆದಾಗ ಮಾತು ಬೇರೆ.

ವಕೀಲರ ಫೀಸಿನ ಚಿಂತೆ ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಒಂದು ಅರ್ಜಿ ಕೊಡಿ, ಇಲ್ಲಾಂದ್ರೆ 15100ಕ್ಕೆ ಫೋನ್ ಮಾಡಿ.

ರಿಟೈರ್ಡ್_ಕ್ಯಾಷಿಯರ್:

ಖಾತೆ ಕ್ಲೋಸ್ ಆಗಬೇಕಾಗಿಲ್ಲ ತಾಯಿ, ಬಿಟ್ಟುಬಿಡಿ. ಸಂಬಳ ಬೇರೆ ಕಡೆ ತಿರುಗಿಸೋಕೆ ಮ್ಯಾನೇಜರ್ ಒಪ್ಪಿಗೆ ಬೇಕಿಲ್ಲ, ಶಾಲೆಯವರು ಸಾಕು. ಎಲ್‌ಐಸಿ, ಚೀಟಿ ಕಂತು ಏನಾದರೂ ಆ ಖಾತೆಯಿಂದ ಕಟ್ ಆಗ್ತಿದ್ದರೆ ಅದನ್ನೂ ಬದಲಾಯಿಸಿ.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡೋ ಹಾಗಿಲ್ಲ, ರಿಸರ್ವ್ ಬ್ಯಾಂಕ್ ನಿಯಮ. ಕಾಲ್ ಲಿಸ್ಟ್ ಸ್ಕ್ರೀನ್‌ಶಾಟ್ ತೆಗೆದು ಬ್ಯಾಂಕಿಗೆ ದೂರು ಕೊಡಿ, 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸೋ ಅಧಿಕಾರಿಗೆ, ಆನ್‌ಲೈನ್‌ನಲ್ಲೇ ಹಾಕಬಹುದು.

ಆಮೇಲೆ ಸಾಲದ ಮಾತು. 90 ದಿನ ಲಿಮಿಟ್ ಮೇಲೇ ನಿಂತರೆ ಖಾತೆ ಎನ್‌ಪಿಎ (ಕೆಟ್ಟ ಸಾಲ) ಆಗುತ್ತೆ, ನಿಮ್ಮಿಬ್ಬರ ಸಿಬಿಲ್ಲೂ (ಸಾಲ ತೀರಿಸೋ ನಡತೆಗೆ ಕೊಡೋ ಅಂಕ) ಕೆಡುತ್ತೆ. ಆದರೆ ಅದಾದ ಮೇಲೇ ಬ್ಯಾಂಕು ಒನ್ ಟೈಮ್ ಸೆಟಲ್‌ಮೆಂಟಿಗೆ (ಸ್ವಲ್ಪ ಬಿಟ್ಟು ಸಾಲ ಚುಕ್ತಾ ಮಾಡಿಕೊಳ್ಳೋದಕ್ಕೆ) ಕಿವಿಗೊಡೋದು, ನಾನು ಕೌಂಟರ್‌ನಲ್ಲಿ ಕೂತು ಕಂಡದ್ದು. ಲೋಕ ಅದಾಲತ್‌ಗೆ ಬ್ಯಾಂಕಿನವರೇ ಇಂಥ ಖಾತೆಗಳ ಪಟ್ಟಿ ಹಿಡಿದು ಬರ್ತಾರೆ, ಬಡ್ಡಿ ಬಿಡಿಸಿ ಕಂತು ಮಾಡಿಕೊಳ್ಳಿ. ಮನೆಯವರು ಪಾಪರ್ ಅರ್ಜಿ ಹಾಕೋದೇ ಆದರೆ ಅದಕ್ಕೆ ಮುಂಚೆ ಈ ಒಂದು ಸಾಲದ ಬಗ್ಗೆ ಇಬ್ಬರೂ ವಕೀಲರ ಎದುರು ಕೂತು ಮಾತಾಡಿ, ಯಾಕಂದ್ರೆ ಕೊನೆಗೆ ಇದು ಉಳಿಯೋದು ನಿಮ್ಮ ತಲೆ ಮೇಲೆ. ಕಾನೂನು ಸೇವೆಯವರ ಹತ್ತಿರ ಹೋಗುವಾಗ ಆ ಮಂಜೂರಾತಿ ಪತ್ರ ಮತ್ತು ಕಳೆದ 1 ವರ್ಷದ ಸ್ಟೇಟ್‌ಮೆಂಟ್ ತಗೊಂಡು ಹೋಗಿ. ಒರಿಜಿನಲ್ ಯಾರಿಗೂ ಕೊಡಬೇಡಿ.