ಸೈಕಲ್‌ಗೆ ರೂಲ್ಸೇ ಇಲ್ಲ ಅನ್ನುವ ಮಗನಿಗೆ ಏನು ಹೇಳಲಿ?

ಕತ್ರಿಗುಪ್ಪೆ ಅಮ್ಮ:
ಮಗ ಹತ್ತನೇ ಕ್ಲಾಸ್. ಸಂಜೆ ಟ್ಯೂಷನ್‌ಗೆ ಗೇರ್ ಸೈಕಲ್‌ನಲ್ಲಿ ಕತ್ರಿಗುಪ್ಪೆಯಿಂದ ದೇವೇಗೌಡ ಪೆಟ್ರೋಲ್ ಬಂಕ್ ಕಡೆಗೆ ರಿಂಗ್ ರಸ್ತೆಯಲ್ಲೇ ಹೋಗುತ್ತಾನೆ. ನಿನ್ನೆ ಆಟೋದಲ್ಲಿ ಅವನ ಹಿಂದೆಯೇ ಇದ್ದೆ. ಸಿಗ್ನಲ್‌ನಲ್ಲಿ ನಿಂತಿದ್ದ ಬಸ್ಸಿಗೂ ಫುಟ್‌ಪಾತಿಗೂ ನಡುವೆ ನುಸುಳಿ, ರೆಡ್ ಇರುವಾಗಲೇ ದಾಟಿಬಿಟ್ಟ. ಕಿವಿಯಲ್ಲಿ ಇಯರ್‌ಫೋನ್ ಬೇರೆ. ಕೇಳಿದರೆ "ಸೈಕಲ್‌ಗೆ ಲೈಸೆನ್ಸೂ ಬೇಡ, ರೂಲ್ಸೂ ಇಲ್ಲ" ಅನ್ನುತ್ತಾನೆ. ಸೈಕಲ್ ಕಿತ್ತುಕೊಳ್ಳಲು ಮನಸ್ಸಿಲ್ಲ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಸಿಟಿ ಬಸ್ ಡ್ರೈವರ್:
ಅಕ್ಕಾ, ನಾನು ಬಸ್ ಓಡಿಸುವವನು. ನಿಮ್ಮ ಮಗ ನುಸುಳಿದ ಜಾಗ ಇದೆಯಲ್ಲ, ನಮಗೆ ಜಾಸ್ತಿ ಭಯ ಅಲ್ಲೇ. ಮುಂದಿನ ಎಡಮೂಲೆಯ ಹತ್ತಿರ, ಕಿಟಕಿಗಿಂತ ಕೆಳಗೆ ಸೈಕಲ್ ಬಂದರೆ ಸೀಟಿನಿಂದ ಕಾಣುವುದಿಲ್ಲ. ಕನ್ನಡಿಯಲ್ಲಿ ಒಂದು ಸಲ ಕಂಡು ಮಾಯವಾಗುತ್ತದೆ. ಬಸ್ ಎಡಕ್ಕೆ ತಿರುಗುವಾಗ ಮುಂದಿನ ಚಕ್ರ ಹೋದ ದಾರಿಯಲ್ಲೇ ಹಿಂದಿನದು ಬರುವುದಿಲ್ಲ, ಇನ್ನೂ ಎಡಕ್ಕೆ ಒತ್ತಿಕೊಂಡು ಬರುತ್ತದೆ. ನಿಂತಿದ್ದಾಗ ಇದ್ದ ಸಂದು ಆಗ ಇರುವುದೇ ಇಲ್ಲ. ಒಂದು ಕಡೆ ಫುಟ್‌ಪಾತಿನ ಕಲ್ಲು, ಇನ್ನೊಂದು ಕಡೆ ಚಕ್ರ.

ಬಾಯಲ್ಲಿ ಹೇಳಿದರೆ ಈ ವಯಸ್ಸಿನವರಿಗೆ ಹೋಗುವುದಿಲ್ಲ. ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ. ಇಂಜಿನ್ ಆಫ್ ಮಾಡಿ ನಿಂತಿರುವ ಬಸ್ಸಿನ ಡ್ರೈವರನ್ನು ಕೇಳಿ, ಅವನನ್ನು ಸೀಟಿನಲ್ಲಿ ಕೂರಿಸಿ. ನೀವು ಎಡಮೂಲೆಯಲ್ಲಿ ಬಗ್ಗಿ ನಿಲ್ಲಿ. ಅಮ್ಮ ಕಾಣುತ್ತಾಳಾ ಅಂತ ಅವನೇ ನೋಡಲಿ.

ನಮ್ಮವರ ತಪ್ಪೂ ಇದೆ. ಸೈಕಲ್‌ನವರಿಗೆ ಅಡ್ಡ ಎಳೆದು ಸ್ಟಾಪಿನಲ್ಲಿ ನಿಲ್ಲಿಸುವ ಡ್ರೈವರ್‌ಗಳಿದ್ದಾರೆ. ದೊಡ್ಡ ಗಾಡಿ ಕೈಯಲ್ಲಿದ್ದರೆ ಜವಾಬ್ದಾರಿಯೂ ದೊಡ್ಡದೇ.

ದಿನಾ ಸೈಕಲ್:
ಲೈಸೆನ್ಸ್ ಬೇಡ ಅನ್ನುವುದು ನಿಜ, 1988ರ ಮೋಟಾರು ವಾಹನ ಕಾಯ್ದೆಯ ಲೈಸೆನ್ಸ್ ಮೋಟಾರು ಗಾಡಿಗಳಿಗೆ ಮಾತ್ರ. ಆದರೆ ರೂಲ್ಸೇ ಇಲ್ಲ ಅನ್ನುವುದು ಸುಳ್ಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ನೋಡಿ. ಜನರ ಜೀವಕ್ಕೆ ಅಪಾಯ ಆಗುವಂತೆ ಯಾವುದೇ ವಾಹನ ಓಡಿಸಿದರೂ ಅಪರಾಧ. 6 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸೈಕಲ್ ಕೂಡ ವಾಹನವೇ ಅಲ್ವಾ?

ಇನ್ನೊಂದು ಮಾತು. ರೆಡ್‌ನಲ್ಲಿ ಹಾರಿದರೆ ಪೆಟ್ಟು ತಿನ್ನುವವನು ಅವನೊಬ್ಬನೇ ಅಲ್ಲ. ಗ್ರೀನ್ ನಂಬಿಕೊಂಡು ರಸ್ತೆ ದಾಟುವ ಅಜ್ಜಿಗೂ ಮೂಳೆ ಮುರಿಯುತ್ತದೆ. ಇಯರ್‌ಫೋನ್ ತೆಗೆಸಿ, ಹಿಂದೆ ಕೆಂಪು ಲೈಟ್ ಹಾಕಿಸಿ, ಇವತ್ತೇ. ಸೈಕಲ್ ಮಾತ್ರ ಕಿತ್ತುಕೊಳ್ಳಬೇಡಿ. 2020ರಲ್ಲಿ ಸಿಲ್ಕ್ ಬೋರ್ಡ್ ಕಡೆಯ ರಿಂಗ್ ರಸ್ತೆಯಲ್ಲಿ ಸೈಕಲ್‌ಗೆ ಬೇರೆ ಪಥ ಮಾಡಿದರು, ಅದರಲ್ಲೂ ಬೈಕ್‌ಗಳು ನುಗ್ಗಿದವು. ನಮಗೆ ಜಾಗ ಕೇಳುವ ಹಕ್ಕು ಖಂಡಿತ ಇದೆ. ಸಿಗ್ನಲ್‌ನಲ್ಲಿ ನಿಂತು ಕೇಳಿದರೆ ಆ ಮಾತಿಗೆ ಬೆಲೆ.

ಕತ್ರಿಗುಪ್ಪೆ ಅಮ್ಮ:
ಸೆಕ್ಷನ್ ಹೇಳಿ ಹೆದರಿಸಿದರೆ ಅವನು ಇನ್ನೂ ಹಟ ಮಾಡುತ್ತಾನೆ. ಅಜ್ಜಿಯ ಮಾತು ತಾಗಬಹುದು, ನಮ್ಮತ್ತೆ ದಿನಾ ಅದೇ ರಸ್ತೆ ದಾಟುತ್ತಾರೆ. ಡ್ರೈವರ್ ಅಣ್ಣ, ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಯಾವ ಹೊತ್ತಿಗೆ ಕೇಳಿದರೆ ಒಪ್ಪುತ್ತಾರೆ?

ಸಿಟಿ ಬಸ್ ಡ್ರೈವರ್:
ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಬನ್ನಿ ಅಕ್ಕಾ. ವಿಷಯ ಹೇಳಿ ಕೇಳಿ. ಮನೆಯಲ್ಲಿ ಮಕ್ಕಳಿರುವ ಯಾವ ಡ್ರೈವರೂ ಇಲ್ಲ ಅನ್ನುವುದಿಲ್ಲ.