ಅಪ್‌ಡೇಟ್: ತೀರ್ಥಹಳ್ಳಿ ಮನೆಯಲ್ಲಿ ವಿಡಿಯೋ ಕಾಲ್ ಈಗ ಕಡಿಯುತ್ತಿಲ್ಲ

ಮನೆಯಲ್ಲಿ ಯಾರದಾದರೂ ಫೋನ್ ಫೋಟೋ ಬ್ಯಾಕಪ್ ಶುರು ಮಾಡಿದ ಕೂಡಲೇ ನನ್ನ ಆಫೀಸ್ ಕಾಲ್ ಕಡಿಯುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಸರಿಹೋಯಿತು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ತೊಂದರೆ ಸ್ಪೀಡಿನದ್ದಲ್ಲ. ಅಪ್‌ಲೋಡ್ ತುಂಬಿದಾಗ ಪ್ಯಾಕೆಟ್‌ಗಳು (ಡೇಟಾದ ಚಿಕ್ಕ ತುಂಡುಗಳು) ಮೋಡೆಮ್‌ನ ಬಫರ್‌ನಲ್ಲಿ, ಅಂದರೆ ಹೊರಗೆ ಹೋಗುವ ತನಕ ಅವು ಕಾಯುವ ಜಾಗದಲ್ಲಿ, ಸಾಲುಗಟ್ಟುತ್ತಿದ್ದವು, ಆಗುಂಬೆ ಘಾಟಿಯಲ್ಲಿ ಬಸ್ಸಿನ ಹಿಂದೆ ಸಿಕ್ಕಿಕೊಂಡ ಬೈಕಿನ ಹಾಗೆ ದನಿಯ ಪುಟ್ಟ ಪ್ಯಾಕೆಟ್ ಕೂಡ ಕಾಯಬೇಕಿತ್ತು. ಪಿಂಗ್ (ಪ್ಯಾಕೆಟ್ ಹೋಗಿ ಉತ್ತರ ಬರಲು ಹಿಡಿಯುವ ಸಮಯ) 30 ಮಿಲಿಸೆಕೆಂಡಿನಿಂದ 600 ದಾಟುತ್ತಿತ್ತು!

ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗೆ ಹಾಕುವ ಉಚಿತ ಸಾಫ್ಟ್‌ವೇರ್) ಇರುವ ರೂಟರ್‌ನಲ್ಲಿ ಎಸ್‌ಕ್ಯೂಎಂ ಅನ್ನೋ ಸಾಲು ನಿಭಾಯಿಸುವ ಸೌಲಭ್ಯ ಆನ್ ಮಾಡಿ, ಅದರಲ್ಲಿ ಕೇಕ್ ಅನ್ನೋ ಸರದಿ ಹಂಚುವ ವಿಧಾನ ಆರಿಸಿ, 20 ಎಂಬಿಪಿಎಸ್ ಅಪ್‌ಲೋಡ್‌ಗೆ 18ರ ಮಿತಿ ಹಾಕಿದೆ. ಡೌನ್‌ಲೋಡ್‌ಗೂ ಹಾಗೇ. ಲೈನಿಗಿಂತ ಸ್ವಲ್ಪ ಕಡಿಮೆ ಇಟ್ಟರೆ ಮಾತ್ರ ಆ ಸಾಲು ಮೋಡೆಮ್ ಬಿಟ್ಟು ನಮ್ಮ ರೂಟರ್‌ಗೆ ಬರುತ್ತದೆ, ಇಲ್ಲಿಗೆ ಬಂದರೆ ತಾನೇ ನಾವು ಸರದಿ ಹಂಚೋಕೆ ಆಗೋದು, ಅಲ್ವಾ?

ಕೆಲವರು ದನಿಯ ಪ್ಯಾಕೆಟ್‌ಗೆ ಡಿಎಸ್‌ಸಿಪಿ 46ರ ಗುರುತು (ಇದನ್ನು ಮೊದಲು ಕಳಿಸಿ ಅನ್ನುವ ಚೀಟಿಯ ಹಾಗೆ) ಹಾಕಿ ಅಂದಿದ್ದರು. ನನಗೆ ಬೇಕಾಗಲಿಲ್ಲ. ಕೇಕ್ ಒಂದೊಂದು ಫ್ಲೋಗೂ (ಒಂದು ಕಾಲ್, ಒಂದು ಬ್ಯಾಕಪ್ ಹೀಗೆ ಬೇರೆಬೇರೆ ಡೇಟಾ ಹರಿವಿಗೂ) ಬೇರೆ ಸರದಿ ಕೊಡುತ್ತದೆ, ಕಡಿಮೆ ಕಳಿಸುವ ಕಾಲ್ ತಾನಾಗಿ ಮುಂದೆ ಹೋಗುತ್ತದೆ. ಮನೆ ದಾಟಿದ ಮೇಲೆ ಆ ಗುರುತನ್ನು ಇಂಟರ್ನೆಟ್‌ನಲ್ಲಿ ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದೂ ಇಲ್ಲ.

ಈಗ ಬ್ಯಾಕಪ್ ನಡೆಯುವಾಗಲೂ ಪಿಂಗ್ 40ರ ಆಸುಪಾಸು. ನೀವೂ ಮಾಡುವುದಾದರೆ ರೂಟರ್‌ನ ಹಾರ್ಡ್‌ವೇರ್ ಆಫ್‌ಲೋಡಿಂಗ್ (ಪ್ಯಾಕೆಟ್ ಸಾಗಿಸುವ ಕೆಲಸವನ್ನು ನೇರ ಚಿಪ್‌ಗೆ ಬಿಡುವ ಸೆಟ್ಟಿಂಗ್) ಆಫ್ ಮಾಡಿ, ಇಲ್ಲದಿದ್ದರೆ ಟ್ರಾಫಿಕ್ ಎಸ್‌ಕ್ಯೂಎಂ ತಪ್ಪಿಸಿಕೊಂಡು ಹೋಗಬಹುದು.